ಶಾಖವನ್ನು ಎತ್ತುವ ಪಂಪು: ಚಳಿನಾಡಿನ ಮನೆಗೆ ಯಾವುದು ತಕ್ಕುದು?

ಹಳೆಯ ಪಂಪ್‌ಸೆಟ್ಟು ಕೆಟ್ಟುಹೋಗಿ ಹೊಸದನ್ನು ಕೊಳ್ಳಲೆಂದು ದಾವಣಗೆರೆಯ ಪೇಟೆಗೆ ಬರುವ ರೈತನನ್ನು ಬಲ್ಲ ಅಂಗಡಿಯವನು ಮೊದಲು ಕೇಳುವ ಪ್ರಶ್ನೆ, "ಬೋರು ಎಷ್ಟು ಅಡಿ?" ಎಂಬುದು. ಎಷ್ಟು ಅಶ್ವಶಕ್ತಿಯ ಯಂತ್ರ ಬೇಕೆಂಬುದು ಆಮೇಲಿನ ಮಾತು. ನೀರು ಎಷ್ಟು ಆಳದಲ್ಲಿದೆ, ಎಷ್ಟು ಎತ್ತರಕ್ಕೆ ಏರಬೇಕು, ಗಂಟೆಗೆ ಎಷ್ಟು ನೀರು ತೋಟಕ್ಕೆ ಬೇಕು ಎಂಬ ಮೂರು ಸಂಗತಿಗಳನ್ನು ತಿಳಿಯದೆ ಪಂಪನ್ನು ಆರಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆಯೇ ಸರಿ.

ನೀರನ್ನು ಎತ್ತುವಂತೆ ಶಾಖವನ್ನು ಎತ್ತುವ ಪಂಪುಗಳೂ ಉಂಟು. ಚಳಿದೇಶಗಳಲ್ಲಿ ಮನೆಗಳನ್ನು ಬೆಚ್ಚಗಿಡಲು ಅವನ್ನು ಬಳಸುತ್ತಾರೆ. ಅದು ನಮಗೆ ದೂರದ ವಿಷಯವೆಂದು ಹೇಳುವಂತಿಲ್ಲ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿರುವ ನಮ್ಮ ಊರಿನ ಎಂ.ಸಿ.ಸಿ. ಬಡಾವಣೆಯಂತಹ ಕಡೆಗಳಲ್ಲಿ ಮಗನೋ ಮಗಳೋ ಕೆನಡಾದಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿರುವ ಸಂಸಾರಗಳು ಅಪರೂಪವಲ್ಲ. ಅಲ್ಲಿ ಮನೆಯ ಹೀಟ್ ಪಂಪು ಹಳತಾಗಿ ನಿಂತುಹೋದರೆ ಒಬ್ಬ ಗುತ್ತಿಗೆದಾರ ಎರಡೂವರೆ ಟನ್ನಿನ ಯಂತ್ರ ಸಾಕೆನ್ನುತ್ತಾನೆ, ಮತ್ತೊಬ್ಬ ಐದು ಟನ್ನಿನದೇ ಬೇಕೆನ್ನುತ್ತಾನೆ. ಆಯ್ಕೆ ತಪ್ಪಿದರೆ ಜನವರಿಯ ಒಂದು ರಾತ್ರಿ ಮನೆಯೊಳಗೆ ಮಕ್ಕಳು ನಡುಗಬೇಕಾದೀತು. ಇಲ್ಲವೇ ಹದಿನೈದು ವರ್ಷಗಳ ಕಾಲ ತಿಂಗಳು ತಿಂಗಳೂ ವಿದ್ಯುತ್ತಿಗೆ ದಂಡ ತೆರಬೇಕಾದೀತು. ಈ ಆಯ್ಕೆಯನ್ನು ಭೌತವಿಜ್ಞಾನದ ಪ್ರಾಥಮಿಕ ತತ್ತ್ವಗಳಿಂದಲೇ ಮಾಡಬಹುದು. ಅದು ಹೇಗೆಂಬುದನ್ನು ಈಗ ನೋಡೋಣ.

ಯಂತ್ರದ ಕೆಲಸ

ನಮ್ಮ ಅಡುಗೆಮನೆಯ ಫ್ರಿಜ್ಜಿನ ಹಿಂಬದಿಗೋ ಪಕ್ಕದ ಗೋಡೆಗೋ ಕೈಯಿಟ್ಟು ನೋಡಿದರೆ ಬೆಚ್ಚಗಿರುವುದು ತಿಳಿಯುತ್ತದೆ. ಒಳಗೆ ತಂಪು, ಹೊರಗೆ ಬಿಸಿ. ಫ್ರಿಜ್ಜು ತಂಪನ್ನು "ತಯಾರಿಸುವುದಿಲ್ಲ". ಒಳಗಿರುವ ಹಾಲು ತರಕಾರಿಗಳ ಶಾಖವನ್ನು ಹೊತ್ತು ತಂದು ಅಡುಗೆಮನೆಯ ಗಾಳಿಗೆ ಸುರಿಯುತ್ತದೆ, ಅಷ್ಟೆ. ಈಗ ಒಂದು ಕಲ್ಪನೆ ಮಾಡೋಣ. ಫ್ರಿಜ್ಜಿನ ಬಾಗಿಲನ್ನು ತೆಗೆದು, ಅದರ ಬಾಯನ್ನು ಬೀದಿಯ ಕಡೆಗೂ ಬೆನ್ನನ್ನು ಕೋಣೆಯ ಕಡೆಗೂ ತಿರುಗಿಸಿ ಗೋಡೆಯಲ್ಲಿ ಕೂರಿಸಿದರೆ ಏನಾದೀತು? ಯಂತ್ರವು ಬೀದಿಯನ್ನು ತಂಪುಮಾಡಲು ಹೆಣಗುತ್ತಾ ಕೋಣೆಯನ್ನು ಬೆಚ್ಚಗೆ ಮಾಡುತ್ತದೆ. ಚಳಿನಾಡಿನ ಹೀಟ್ ಪಂಪು ಇದೇ. ಈ ಉಪಾಯವನ್ನು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ಸೂಚಿಸಿದ್ದನು.

ಸೊನ್ನೆ ಡಿಗ್ರಿಗಿಂತ ಕೆಳಗಿರುವ ಗಾಳಿಯಲ್ಲಿ ಶಾಖವೆಲ್ಲಿಂದ ಬಂತು ಎಂಬ ಸಂದೇಹ ವಿದ್ಯಾರ್ಥಿಗಳಿಗೆ ಬರುವುದು ಸಹಜ. ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ಸೊನ್ನೆಯೆಂದು ಕರೆದದ್ದು ಮನುಷ್ಯರ ಅನುಕೂಲಕ್ಕಾಗಿ. ನಿಜವಾದ ಸೊನ್ನೆ ಅದಕ್ಕಿಂತ ಸುಮಾರು 273 ಡಿಗ್ರಿ ಕೆಳಗಿದೆ. ಮೈನಸ್ 18 ಡಿಗ್ರಿಯ ಗಾಳಿ ಕೆಲ್ವಿನ್ ಮಾನದಲ್ಲಿ 255 ಡಿಗ್ರಿಯಲ್ಲಿರುತ್ತದೆ. ಅದರಲ್ಲಿ ಶಾಖ ಬೇಕಾದಷ್ಟಿದೆ. ಅದಕ್ಕಿಂತಲೂ ತಣ್ಣಗಿರುವ ಒಂದು ವಸ್ತುವನ್ನು ಆ ಗಾಳಿಗೆ ಒಡ್ಡಿದರೆ ಶಾಖ ತಾನಾಗಿ ಅದರೊಳಕ್ಕೆ ಹರಿಯುತ್ತದೆ. ಯಂತ್ರದ ಕೊಳವೆಗಳಲ್ಲಿ ಸಂಚರಿಸುವ ಶೀತಕದ್ರವದ ಕೆಲಸ ಇದೇ. ಆರ್-32 ಎಂಬ ಶೀತಕವು ವಾಯುಮಂಡಲದ ಒತ್ತಡದಲ್ಲಿ ಸುಮಾರು ಮೈನಸ್ 52 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹೊರಗಿನ ಸುರುಳಿಯಲ್ಲಿ ಅದು ಕಡಮೆ ಒತ್ತಡದಲ್ಲಿ ಕುದಿದು ಆವಿಯಾಗುವಾಗ ಚಳಿಗಾಳಿಯಿಂದ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಅದುಮಿದಾಗ ಅದರ ಉಷ್ಣತೆ ಏರುತ್ತದೆ. ಒಳಗಿನ ಸುರುಳಿಯಲ್ಲಿ ಅದು ಮತ್ತೆ ದ್ರವವಾಗುತ್ತಾ, ಹೀರಿದ ಶಾಖವನ್ನೂ ಕಂಪ್ರೆಸರಿನ ದುಡಿಮೆಯನ್ನೂ ಕೂಡಿಸಿ ಮನೆಗೆ ಒಪ್ಪಿಸುತ್ತದೆ. ಬಳಿಕ ಒಂದು ಕಿರಿದಾದ ಕಂಡಿಯ ಮೂಲಕ ನುಸುಳಿ, ಒತ್ತಡವಿಳಿದು, ಹೊರಗಿನ ಸುರುಳಿಗೆ ಹಿಂದಿರುಗುತ್ತದೆ.

ಕಾಯಿಲ್ ಹೀಟರಿಗೆ ಒಂದು ಯೂನಿಟ್ ವಿದ್ಯುತ್ತನ್ನು ಕೊಟ್ಟರೆ ಒಂದು ಯೂನಿಟ್ ಶಾಖ ದೊರೆಯುತ್ತದೆ, ಹೆಚ್ಚು ದೊರೆಯಲಾರದು. ಹೀಟ್ ಪಂಪಿಗೆ ಒಂದು ಯೂನಿಟ್ ಕೊಟ್ಟರೆ ಮನೆಗೆ ಮೂರು ಯೂನಿಟ್ ಶಾಖ ಬರಬಹುದು. ಇದು ಶಕ್ತಿಸಂರಕ್ಷಣಾ ನಿಯಮಕ್ಕೆ ವಿರುದ್ಧವಲ್ಲ. ಎರಡು ಯೂನಿಟ್ ಬೀದಿಯ ಗಾಳಿಯಿಂದ ಬಂದುವು; ನಾವು ಕೊಟ್ಟ ಒಂದು ಯೂನಿಟ್ ಅವನ್ನು ಎತ್ತುವ ಕೂಲಿ. ಮನೆಗೆ ಬಂದ ಶಾಖವನ್ನು ನಾವು ಕೊಟ್ಟ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಕಾರ್ಯಗುಣಾಂಕ ಎಂದು ಹೆಸರು.

ಬಾವಿಯ ಆಳ

ಈ ಕಾರ್ಯಗುಣಾಂಕವು ಯಂತ್ರದ ಮೈಮೇಲೆ ಕೆತ್ತಿದ ಸ್ಥಿರಸಂಖ್ಯೆಯಲ್ಲ ಎಂಬುದನ್ನು ಕೊಳ್ಳುವವರು ಮೊದಲು ಮನಗಾಣಬೇಕು. ಬಾವಿ ಆಳವಾದಷ್ಟೂ ಪ್ರತಿ ಕೊಡ ನೀರಿಗೆ ಹೆಚ್ಚು ದುಡಿಮೆ ಬೇಕು. ಶಾಖದ ವಿಷಯದಲ್ಲಿ ಹೊರಗಿನ ಉಷ್ಣತೆಗೂ ಒಳಗೆ ಶಾಖವನ್ನು ಒಪ್ಪಿಸುವ ಉಷ್ಣತೆಗೂ ಇರುವ ಅಂತರವೇ ಬಾವಿಯ ಆಳ. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ತೆರೆದ ಹಾದಿಯನ್ನು ಹಿಡಿದು ಹೋದರೆ, ಯಾವ ಯಂತ್ರವೂ ಮೀರಲಾಗದ ಮಿತಿಯೊಂದು ದೊರೆಯುತ್ತದೆ. ಒಪ್ಪಿಸುವ ಉಷ್ಣತೆಯನ್ನು ಕೆಲ್ವಿನ್ ಮಾನದಲ್ಲಿ ಬರೆದು, ಅದನ್ನು ಎರಡು ಉಷ್ಣತೆಗಳ ಅಂತರದಿಂದ ಭಾಗಿಸಿದರೆ ಆ ಮಿತಿ ಬರುತ್ತದೆ.

ಒಳಗಿನ ಸುರುಳಿ 40 ಡಿಗ್ರಿಯಲ್ಲಿ, ಎಂದರೆ 313 ಕೆಲ್ವಿನ್‌ನಲ್ಲಿ, ಶಾಖವನ್ನು ಒಪ್ಪಿಸಲಿ. ಹೊರಗೆ 7 ಡಿಗ್ರಿಯಿದ್ದರೆ ಅಂತರ 33. ಮಿತಿ ಸುಮಾರು 9.5. ಹೊರಗೆ ಮೈನಸ್ 4 ಡಿಗ್ರಿಯಿದ್ದರೆ ಅಂತರ 44, ಮಿತಿ 7.1. ಮೈನಸ್ 18 ಡಿಗ್ರಿಯಿದ್ದರೆ ಅಂತರ 58, ಮಿತಿ 5.4. ನಿಜವಾದ ಯಂತ್ರಗಳಲ್ಲಿ ಘರ್ಷಣೆಯುಂಟು. ಸುರುಳಿಯು ಗಾಳಿಗಿಂತ ಹಲವು ಡಿಗ್ರಿ ತಣ್ಣಗಿದ್ದರಲ್ಲದೆ ಶಾಖ ಹರಿಯದು. ಬೀಸಣಿಗೆಗಳಿಗೂ ವಿದ್ಯುತ್ತು ಬೇಕು. ಆದುದರಿಂದ ಸಾಮಾನ್ಯವಾಗಿ ಈ ಮಿತಿಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಕೈಗೆ ಸಿಗುತ್ತದೆ. ಹೀಗೆ ಮೂರು ಸಂದರ್ಭಗಳಲ್ಲಿ ನಿಜವಾದ ಕಾರ್ಯಗುಣಾಂಕ ಸುಮಾರು 3.5, 2.5 ಮತ್ತು 2 ಆದೀತು. ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ಮುದ್ರಿಸಿರುವ ಸಂಖ್ಯೆ ಹೆಚ್ಚಾಗಿ 7 ಅಥವಾ 8 ಡಿಗ್ರಿಯ ಎಳೆಯ ಚಳಿಯಲ್ಲಿ ಅಳೆದದ್ದು. ಯಂತ್ರವು ನಿಜವಾಗಿ ಬೇಕಾಗುವುದು ಅದಕ್ಕಿಂತ ಬಹಳ ಕೆಳಗೆ.

ಇದೇ ಸೂತ್ರದಿಂದ ಇನ್ನೊಂದು ಸಂಗತಿಯೂ ವಿದಿತವಾಗುತ್ತದೆ. ಆಳವನ್ನು ಎರಡು ತುದಿಗಳಿಂದಲೂ ಕಡಮೆ ಮಾಡಬಹುದು. ಹಳೆಯ ಮನೆಗಳ ಕಬ್ಬಿಣದ ರೇಡಿಯೇಟರುಗಳಿಗೆ 55 ಡಿಗ್ರಿಯ ನೀರು ಬೇಕಾದರೆ, 7 ಡಿಗ್ರಿಯ ಹೊರಗಾಳಿಯಲ್ಲಿ ಮಿತಿ 6.8ಕ್ಕೆ ಇಳಿಯುತ್ತದೆ. ನೆಲದಡಿಯಲ್ಲಿ ಕೊಳವೆಗಳನ್ನು ಹರಡಿ 35 ಡಿಗ್ರಿಯ ನೀರಿನಿಂದಲೇ ಕೆಲಸ ಸಾಗಿಸಿದರೆ ಅದು 11ಕ್ಕೆ ಏರುತ್ತದೆ. ಕೆಳಗಿನ ತುದಿಯಲ್ಲಿ ಗಾಳಿಗೆ ಬದಲಾಗಿ ನದಿಯನ್ನೋ ನೆಲವನ್ನೋ ಆಶ್ರಯಿಸಬಹುದು. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ, ಲಿಮ್ಮಟ್ ನದಿಯ ದಡದಲ್ಲಿರುವ ಹಳೆಯ ಸಭಾಭವನಕ್ಕೆ 1938ರಲ್ಲಿ ಒಂದು ಹೀಟ್ ಪಂಪನ್ನು ಜೋಡಿಸಿದರು. ಸರೋವರದಿಂದ ಹೊರಡುವ ಆ ನದಿಯ ನೀರು ಚಳಿಗಾಲದಲ್ಲಿಯೂ ಸೊನ್ನೆಗಿಂತ ಕೆಲವು ಡಿಗ್ರಿ ಮೇಲೆಯೇ ಇರುತ್ತದೆ. ಎಂದರೆ ಬಾವಿ ಆಳವಲ್ಲ. ಆ ಯಂತ್ರವನ್ನು ಬದಲಾಯಿಸಿದ್ದು 2001ರಲ್ಲಿ, ಅರುವತ್ತಮೂರು ವರ್ಷಗಳ ದುಡಿಮೆಯ ಬಳಿಕ!

ಎರಡು ಗೆರೆಗಳು

ಎಲ್ಲರ ಮನೆಯ ಪಕ್ಕದಲ್ಲಿಯೂ ನದಿ ಹರಿಯುವುದಿಲ್ಲ. ಬಹುಪಾಲು ಸಂಸಾರಗಳು ಗಾಳಿಯನ್ನೇ ನೆಚ್ಚಬೇಕು. ಅನೇಕ ಕನ್ನಡಿಗರು ನೆಲೆಸಿರುವ ಟೊರಾಂಟೊ ನಗರವನ್ನೇ ತೆಗೆದುಕೊಳ್ಳೋಣ. ಅಲ್ಲಿ ಜನವರಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 4 ಡಿಗ್ರಿ. ಮನೆ ಕಟ್ಟುವವರು ಲೆಕ್ಕಕ್ಕೆ ಹಿಡಿಯುವ ಕಡುಚಳಿ ಮೈನಸ್ 18 ಡಿಗ್ರಿ.

ಬೆಚ್ಚಗಿನ ಮನೆ ಸೋರುವ ಕೊಡದಂತೆ. ಗೋಡೆ, ಸೂರು, ಕಿಟಕಿ, ಬಾಗಿಲ ಸಂದುಗಳಿಂದ ಶಾಖ ಸದಾ ಹೊರಕ್ಕೆ ಹರಿಯುತ್ತಿರುತ್ತದೆ. ಆ ಸೋರಿಕೆ ಒಳಹೊರಗಿನ ಉಷ್ಣತೆಗಳ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಉದಾಹರಣೆಗೆ, ಒಂದು ಮನೆ ಪ್ರತಿ ಡಿಗ್ರಿ ಅಂತರಕ್ಕೆ 200 ವಾಟ್ ಕಳೆದುಕೊಳ್ಳುತ್ತದೆಂದೂ ಒಳಗೆ 21 ಡಿಗ್ರಿ ಬೇಕೆಂದೂ ಇಟ್ಟುಕೊಳ್ಳೋಣ. ಹೊರಗೆ 8 ಡಿಗ್ರಿಯಿದ್ದಾಗ ಅಂತರ 13. ಬೇಕಾದ ಶಾಖ 2.6 ಕಿಲೋವಾಟ್. ಮೈನಸ್ 4ರಲ್ಲಿ 5 ಕಿಲೋವಾಟ್. ಮೈನಸ್ 18ರಲ್ಲಿ 7.8 ಕಿಲೋವಾಟ್.

ಇನ್ನು ಯಂತ್ರದ ಕಡೆ ನೋಡೋಣ. ಚಳಿ ಹೆಚ್ಚಿದಂತೆ ಹೊರಸುರುಳಿಯಿಂದ ಬರುವ ಆವಿ ತೆಳುವಾಗುತ್ತದೆ. ಕಂಪ್ರೆಸರಿನ ಪ್ರತಿಯೊಂದು ಸುತ್ತಿಗೂ ಕಡಮೆ ಆವಿ ಒಳಗೆ ಬರುತ್ತದೆ. ಆದುದರಿಂದ ಅದು ಕೊಡುವ ಶಾಖವೂ ಕುಗ್ಗುತ್ತದೆ. 8 ಡಿಗ್ರಿಯಲ್ಲಿ 9 ಕಿಲೋವಾಟ್ ಕೊಡುವ ಯಂತ್ರವೊಂದು ಮೈನಸ್ 18ರಲ್ಲಿ 5 ಕಿಲೋವಾಟ್ ಮಾತ್ರ ಕೊಡುತ್ತದೆನ್ನೋಣ. ಇದು ಅಂಗಡಿಯ ಭಾಷೆಯಲ್ಲಿ ಎರಡೂವರೆ ಟನ್ನಿನ ಯಂತ್ರ. ಒಂದು ಟನ್ ಮಂಜುಗಡ್ಡೆಯನ್ನು ಒಂದು ದಿನದಲ್ಲಿ ಕರಗಿಸಲು ಬೇಕಾದ ಶಾಖದ ಪ್ರವಾಹ ಸುಮಾರು 3.5 ಕಿಲೋವಾಟ್, ಮಂಜುಗಡ್ಡೆ ಮಾರುತ್ತಿದ್ದ ಕಾಲದ ಆ ಅಳತೆಯೇ ಇಂದಿಗೂ ಉಳಿದುಬಂದಿದೆ.

ವಿದ್ಯಾರ್ಥಿಗಳು ಒಂದು ಗ್ರಾಫ್ ಹಾಳೆಯ ಮೇಲೆ ಹೊರಗಿನ ಉಷ್ಣತೆಯನ್ನು ಅಡ್ಡಲಾಗಿಯೂ ಕಿಲೋವಾಟನ್ನು ಲಂಬವಾಗಿಯೂ ಗುರುತಿಸಿ ಈ ಎರಡು ಗೆರೆಗಳನ್ನು ಎಳೆಯಲಿ. ಚಳಿ ಹೆಚ್ಚಿದಂತೆ ಮನೆಯ ಬೇಡಿಕೆಯ ಗೆರೆ ಏರುತ್ತದೆ, ಯಂತ್ರದ ಪೂರೈಕೆಯ ಗೆರೆ ಇಳಿಯುತ್ತದೆ. ಎರಡೂ ಸಂಧಿಸುವುದು ಮೈನಸ್ 10 ಡಿಗ್ರಿಯ ಬಳಿ. ಅದಕ್ಕಿಂತ ಬೆಚ್ಚಗಿರುವಾಗ ಪಂಪೊಂದೇ ಸಾಕು. ಅದಕ್ಕಿಂತ ಚಳಿಯಾದರೆ ಕೊರತೆ ಬೀಳುತ್ತದೆ; ಮೈನಸ್ 18ರಲ್ಲಿ ಅದು 2.8 ಕಿಲೋವಾಟ್. ಇದನ್ನು ಕಾಯಿಲ್ ಹೀಟರೋ ಅನಿಲದ ಕುಲುಮೆಯೋ ತುಂಬಬೇಕು.

ಈಗ ಎರಡು ದಾರಿಗಳಿವೆ. ಒಂದು, ಇನ್ನೂ ದೊಡ್ಡ ಪಂಪನ್ನು ಕೊಳ್ಳುವುದು. ಇನ್ನೊಂದು, ಕೊಡದ ತೂತನ್ನು ಮುಚ್ಚುವುದು. ಅಟ್ಟದ ಮೇಲೆ ಶಾಖನಿರೋಧಕ ಪದಾರ್ಥವನ್ನು ಹರಡಿ, ಕಿಟಕಿಯ ಸಂದುಗಳನ್ನು ಬಿಗಿಮಾಡಿ, ಸೋರಿಕೆಯನ್ನು ಡಿಗ್ರಿಗೆ 200 ವಾಟಿನಿಂದ 150 ವಾಟಿಗೆ ಇಳಿಸಿದರೆ ಗೆರೆಗಳು ಸಂಧಿಸುವ ಸ್ಥಾನ ಮೈನಸ್ 15 ಡಿಗ್ರಿಗೆ ಸರಿಯುತ್ತದೆ. ಮೈನಸ್ 18ರ ಕೊರತೆ 2.8 ಕಿಲೋವಾಟಿನಿಂದ 0.85ಕ್ಕೆ ಇಳಿಯುತ್ತದೆ. ಯಂತ್ರ ಅದೇ, ಬದಲಾದದ್ದು ಮನೆ. ತೂತು ಮುಚ್ಚಿದ ಲಾಭ ಚಳಿಗಾಲದ ಪ್ರತಿಯೊಂದು ಗಂಟೆಯಲ್ಲಿಯೂ ದೊರೆಯುತ್ತದೆ. ಪಂಪಿನಂತೆ ಅದು ಹದಿನೈದು ವರ್ಷಕ್ಕೆ ಹಳತಾಗುವುದೂ ಇಲ್ಲ.

ದೊಡ್ಡದೇ ಒಳ್ಳೆಯದೇ?

"ಯಾವುದಕ್ಕೂ ಇರಲಿ, ದೊಡ್ಡದನ್ನೇ ಹಾಕಿಬಿಡಿ" ಎಂಬ ಮಾತು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ. ಕಡುಚಳಿಯ ರಾತ್ರಿಗಳು ವರ್ಷಕ್ಕೆ ಕೆಲವೇ. ಎಳೆಯ ಚಳಿಯ ದಿನಗಳು ನೂರಾರು. 8 ಡಿಗ್ರಿಯಲ್ಲಿ ನಮ್ಮ ಮನೆಗೆ ಬೇಕಾದದ್ದು 2.6 ಕಿಲೋವಾಟ್. ಐದು ಟನ್ನಿನ ಯಂತ್ರ ಆಗ ಕೆಲವು ನಿಮಿಷ ಓಡಿ ನಿಂತು, ಮತ್ತೆ ಓಡಿ ನಿಲ್ಲುತ್ತದೆ. ಪ್ರತಿಯೊಂದು ಆರಂಭದಲ್ಲಿಯೂ ಒತ್ತಡಗಳನ್ನು ಹೊಸದಾಗಿ ಕಟ್ಟಿಕೊಳ್ಳಲು ವಿದ್ಯುತ್ತು ವ್ಯರ್ಥವಾಗುತ್ತದೆ, ಕಂಪ್ರೆಸರೂ ಸವೆಯುತ್ತದೆ. ಇನ್ವರ್ಟರ್ ಎಂಬ ಸಾಧನವುಳ್ಳ ಯಂತ್ರಗಳು ವೇಗವನ್ನು ಬೇಡಿಕೆಗೆ ತಕ್ಕಂತೆ ತಗ್ಗಿಸಿಕೊಳ್ಳುತ್ತವೆ. ಆದರೆ ಅವಕ್ಕೂ ಒಂದು ಕನಿಷ್ಠ ಮಿತಿಯುಂಟು. ಆದುದರಿಂದ ಯಂತ್ರದ ಗರಿಷ್ಠ ಪೂರೈಕೆಯೊಡನೆ ಕನಿಷ್ಠ ಪೂರೈಕೆಯನ್ನೂ ಕೇಳಿ ತಿಳಿಯಬೇಕು.

ಹಿಮದ ಸಮಸ್ಯೆಯೂ ಒಂದಿದೆ. ಹೊರಗೆ ಸೊನ್ನೆಯಿಂದ ಮೂರು ನಾಲ್ಕು ಡಿಗ್ರಿಯವರೆಗೆ ಇದ್ದು ಗಾಳಿ ತೇವವಾಗಿದ್ದರೆ, ಅದಕ್ಕಿಂತ ತಣ್ಣಗಿರುವ ಹೊರಸುರುಳಿಯ ಮೇಲೆ ಹಿಮ ಕಟ್ಟಿ ಗಾಳಿಯ ಹಾದಿಯನ್ನು ಮುಚ್ಚುತ್ತದೆ. ಆಗ ಯಂತ್ರವು ಕೆಲವು ನಿಮಿಷ ತಲೆಕೆಳಗಾಗಿ ಓಡಿ, ಮನೆಯ ಶಾಖವನ್ನೇ ಹೊರಗೆ ಒಯ್ದು ಹಿಮವನ್ನು ಕರಗಿಸುತ್ತದೆ. ಕಡುಚಳಿಯ ಒಣಗಾಳಿಯಲ್ಲಿ ತೇವ ಕಡಮೆಯಾದ್ದರಿಂದ ಈ ತೊಂದರೆಯೂ ಕಡಮೆ. ಹಿಮ ಎಷ್ಟಿದೆಯೆಂದು ಅಳೆದು ಕರಗಿಸುವ ಯಂತ್ರವು, ಬೇಕಿರಲಿ ಬೇಡದಿರಲಿ ಗಡಿಯಾರ ನೋಡಿ ಕರಗಿಸುವ ಯಂತ್ರಕ್ಕಿಂತ ಮೇಲು.

ಹಳೆಯದನ್ನು ದುರಸ್ತಿ ಮಾಡಿಸಬೇಕೆ, ಬದಲಾಯಿಸಬೇಕೆ ಎಂಬ ಪ್ರಶ್ನೆಯನ್ನು ಅನೇಕ ವೇಳೆ ಶೀತಕವೇ ತೀರ್ಮಾನಿಸುತ್ತದೆ. ಹಿಂದೆ ಎಲ್ಲೆಲ್ಲಿಯೂ ಬಳಕೆಯಲ್ಲಿದ್ದ ಆರ್-22 ಓಜೋನ್ ಪದರವನ್ನು ಕೆಡಿಸುವುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದನ್ನು ಹಂತಹಂತವಾಗಿ ಕೈಬಿಡಲಾಯಿತು. ಅದರ ಸ್ಥಾನಕ್ಕೆ ಬಂದ ಆರ್-410ಎ ಓಜೋನಿಗೆ ಕೇಡು ಮಾಡದಿದ್ದರೂ, ತೂಕಕ್ಕೆ ತೂಕ ಹೋಲಿಸಿದರೆ ಅಂಗಾರಾಮ್ಲ ಅನಿಲಕ್ಕಿಂತ ಎರಡು ಸಾವಿರ ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸಬಲ್ಲುದು. ಆರ್-32ಕ್ಕೆ ಈ ಸಂಖ್ಯೆ ಸುಮಾರು 675. ಆರ್-290 ಎಂಬ ಹೆಸರಿನ ಪ್ರೊಪೇನಿಗೆ ಅದು ತೀರ ಅಲ್ಪ. ಆದರೆ ಅದು ಉರಿಯುವ ಅನಿಲವಾದ್ದರಿಂದ ಜೋಡಿಸುವವನು ಕುಶಲಿಯಾಗಿರಬೇಕು. ಸೋರುತ್ತಿರುವ ಆರ್-22 ಯಂತ್ರಕ್ಕೆ ಮತ್ತೆ ಮತ್ತೆ ಅನಿಲ ತುಂಬಿಸುವುದು ಹಣಕ್ಕೂ ಆಕಾಶಕ್ಕೂ ನಷ್ಟ.

ಹಾಗಾದರೆ ಇಷ್ಟೆಲ್ಲ ಲೆಕ್ಕಾಚಾರದ ಫಲವೇನು? ನಮ್ಮ ಉದಾಹರಣೆಯ ಮನೆಗೆ, ತೂತು ಮುಚ್ಚುವ ಮೊದಲು, ಮೈನಸ್ 4 ಡಿಗ್ರಿಯ ಒಂದು ದಿನಕ್ಕೆ 5 ಕಿಲೋವಾಟಿನಂತೆ 120 ಯೂನಿಟ್ ಶಾಖ ಬೇಕು. ಕಾಯಿಲ್ ಹೀಟರಿನಲ್ಲಿ ಇದಕ್ಕೆ 120 ಯೂನಿಟ್ ವಿದ್ಯುತ್ತು, 2.5 ಕಾರ್ಯಗುಣಾಂಕದ ಪಂಪಿನಲ್ಲಿ 48 ಯೂನಿಟ್. ನಮ್ಮ ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಒಂದು ಮನೆಗೆ ಇಟ್ಟ ಮೇಲ್ಮಿತಿ ತಿಂಗಳಿಗೆ 200 ಯೂನಿಟ್ ಎಂಬುದನ್ನು ನೆನೆದರೆ, ಚಳಿನಾಡಿನ ಸಂಸಾರದ ಮೇಲಿನ ಹೊರೆ ಎಷ್ಟೆಂಬುದು ಅರಿವಾದೀತು. ಅಲ್ಲಿ ಕಾಯಿಲ್ ಹೀಟರಾದರೆ ಎರಡೇ ದಿನದಲ್ಲಿ ಅಷ್ಟು ವಿದ್ಯುತ್ತು ಮುಗಿದುಹೋಗುತ್ತದೆ.

ನಮ್ಮ ಬಚ್ಚಲುಮನೆಗೆ

ದಾವಣಗೆರೆಯಲ್ಲಿ ಮನೆಯನ್ನು ಕಾಯಿಸುವ ಅಗತ್ಯವಿಲ್ಲ. ಮಾರ್ಗಶಿರದ ಮುಂಜಾವದಲ್ಲಿಯೂ ಉಷ್ಣತೆ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೆ ಸ್ನಾನಕ್ಕೆ ಬಿಸಿನೀರು ಎಲ್ಲರಿಗೂ ಬೇಕು. ಹಂಡೆಯ ಒಲೆ ಹೋಗಿ ಗೀಸರ್ ಬಂದ ಮನೆಗಳಲ್ಲಿ, ಆ ಗೀಸರ್ ಕೆಟ್ಟಾಗ ನಮಗೂ ಇದೇ ಆಯ್ಕೆ ಎದುರಾಗುತ್ತದೆ. 100 ಲೀಟರ್ ನೀರನ್ನು 24 ಡಿಗ್ರಿಯಿಂದ 44 ಡಿಗ್ರಿಗೆ ಏರಿಸಲು 2000 ಕಿಲೋಕ್ಯಾಲೊರಿ ಬೇಕು. ಒಂದು ಯೂನಿಟ್ ವಿದ್ಯುತ್ತು 860 ಕಿಲೋಕ್ಯಾಲೊರಿಗೆ ಸಮವಾದ್ದರಿಂದ ಗೀಸರಿನಲ್ಲಿ ಇದಕ್ಕೆ 2.3 ಯೂನಿಟ್ ಬೇಕಾಗುತ್ತದೆ. ಹೀಟ್ ಪಂಪಿನ ತತ್ತ್ವದ ನೀರುಕಾಯಿಸುವ ಯಂತ್ರಗಳೂ ಪೇಟೆಯಲ್ಲಿ ದೊರೆಯುತ್ತವೆ. 15 ಡಿಗ್ರಿಯ ಗಾಳಿಯಿಂದ ಶಾಖವೆತ್ತುವ ಅವಕ್ಕೆ 3ರ ಕಾರ್ಯಗುಣಾಂಕ ಕಷ್ಟವಲ್ಲ. ಹಾಗಾದರೆ ಸಾಕಾಗುವುದು ಸುಮಾರು 0.8 ಯೂನಿಟ್. ತಿಂಗಳಿಗೆ ಉಳಿಯುವುದು 45 ಯೂನಿಟ್. ಟೊರಾಂಟೊದ ಯಂತ್ರ ಆಳದ ಬಾವಿಯಿಂದ ಎತ್ತುವುದನ್ನು ನಮ್ಮದು ತೋಡಿನಿಂದ ಮೊಗೆದಂತೆ ಎತ್ತುತ್ತದೆ.

ಆದರೂ ಎಲ್ಲರೂ ಅದನ್ನೇ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಅದರ ಬೆಲೆ ಗೀಸರಿಗಿಂತ ಹೆಚ್ಚು. ಸ್ವಂತ ತಾರಸಿಯಿದ್ದು ಬಿಸಿಲು ಬೀಳುವ ಮನೆಗೆ ಸೌರ ಜಲತಾಪಕವೇ ಲೇಸು. ಬಿಸಿಲಿರುವ ದಿನ ಅದಕ್ಕೆ ವಿದ್ಯುತ್ತೇ ಬೇಡ. ತಾರಸಿಯ ಹಕ್ಕಿಲ್ಲದ ಮಹಡಿಮನೆಯವರಿಗೂ ದಿನವೆಲ್ಲ ಬಿಸಿನೀರು ಬೇಕಾಗುವ ವಿದ್ಯಾರ್ಥಿನಿಲಯಗಳಿಗೂ ಆಸ್ಪತ್ರೆಗಳಿಗೂ ಹೀಟ್ ಪಂಪು ವಿಚಾರಯೋಗ್ಯ. ಇಬ್ಬರೇ ಇರುವ ಮನೆಗೆ ಸಣ್ಣ ಗೀಸರೇ ಸಾಕಾಗಬಹುದು.

ಈ ಆಯ್ಕೆಗೆ ದೇಶದ ಲೆಕ್ಕವೂ ಸೇರಿದೆ. ಕಲ್ಲಿದ್ದಲ ವಿದ್ಯುದಾಗಾರದಲ್ಲಿ ಉರಿಸಿದ ಮೂರು ಪಾಲು ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಒಂದು ಪಾಲು ಮಾತ್ರ; ಉಳಿದ ಎರಡು ಪಾಲು ಚಿಮಣಿಗೂ ತಂಪುಗೊಳಿಸುವ ನೀರಿಗೂ ಹೋಗುತ್ತದೆ. ಆ ಒಂದು ಪಾಲನ್ನು ಕಾಯಿಲಿನಲ್ಲಿ ಮತ್ತೆ ಶಾಖವಾಗಿಸಿದರೆ ಎರಡು ಪಾಲಿನ ನಷ್ಟ ನಷ್ಟವಾಗಿಯೇ ಉಳಿಯಿತು. ಹೀಟ್ ಪಂಪಿನಲ್ಲಿ ಬಳಸಿದರೆ ಗಾಳಿಯಿಂದ ಎರಡು ಪಾಲನ್ನು ಹೆಕ್ಕಿ ತಂದು ಆ ನಷ್ಟವನ್ನು ತುಂಬಿಕೊಟ್ಟಂತಾಗುತ್ತದೆ.

ಹೀಗೆ ಟೊರಾಂಟೊದ ಮನೆಯಾಗಲಿ ಎಂ.ಸಿ.ಸಿ. ಬಡಾವಣೆಯ ಬಚ್ಚಲಾಗಲಿ, ಕೇಳಬೇಕಾದ ಪ್ರಶ್ನೆಗಳು ಅವೇ. ಶಾಖ ಎಷ್ಟು ಬೇಕು? ಅದರಲ್ಲಿ ಸೋರಿಹೋಗುವುದೆಷ್ಟು, ಆ ಸೋರಿಕೆಯನ್ನು ತಡೆಯಬಹುದೆ? ಎಲ್ಲಿಂದ ಎಲ್ಲಿಗೆ ಎತ್ತಬೇಕು? ಅತ್ಯಂತ ಕಠಿನವಾದ ದಿನ ಯಂತ್ರ ಎಷ್ಟು ಕೊಡುತ್ತದೆ, ಸುಲಭವಾದ ದಿನ ಎಷ್ಟಕ್ಕೆ ತಗ್ಗುತ್ತದೆ? ಇವಕ್ಕೆ ಉತ್ತರ ಬರೆದಿಟ್ಟುಕೊಂಡ ಮೇಲೆ ಬೆಲೆಯ ಚೀಟಿಯನ್ನು ನೋಡಬಹುದು. ಕಡಲಾಚೆಯಲ್ಲಿ ಅಣ್ಣನೋ ಅಕ್ಕನೋ ಇರುವ ವಿದ್ಯಾರ್ಥಿಗಳು ಮೇಲೆ ಹೇಳಿದ ಎರಡು ಗೆರೆಗಳನ್ನು ಅವರ ಮನೆಯ ಅಂಕಿಗಳಿಂದ ಎಳೆದು ಕಳುಹಿಸಲಿ. ತರಗತಿಯಲ್ಲಿ ಕಲಿತ ಉಷ್ಣವಿಜ್ಞಾನವು ಒಂದು ಸಂಸಾರವನ್ನು ಚಳಿಯಿಂದಲೂ ಸಾಲದಿಂದಲೂ ಕಾಪಾಡಬಲ್ಲುದೆಂಬುದು ಆಗ ಅವರಿಗೇ ಮನವರಿಕೆಯಾದೀತು.